ಓಕ್ಯಾಮಲ್‌ನಲ್ಲಿ ಟೈಪ್‌ಗೆ ಬರೀ 'ಟಿ' ಅಂತ ಹೆಸರಿಡುವುದು ಯಾಕೆ?

ಜಾವಾದಿಂದ ಓಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬಂದಿದ್ದೀರಿ. ಟೈಪ್ (ಡೇಟಾದ ಬಗೆ) ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಶುರು ಮಾಡಿದರೆ ಎರರ್ ಬರುತ್ತಿದೆ, ಯಾರ ಕೋಡ್ ನೋಡಿದರೂ 'ಟಿ' (t) ಅಂತಲೇ ಇದೆ, ಯಾಕೆ ಎಂದು ಕೇಳಿದ್ದೀರಿ.

ದೊಡ್ಡಕ್ಷರದ ವಿಷಯ ಬೇಗ ಮುಗಿಯುತ್ತದೆ. ಓಕ್ಯಾಮಲ್‌ನಲ್ಲಿ ಅದು ಮಾಡ್ಯೂಲ್‌ಗೆ (ಟೈಪ್, ಫಂಕ್ಷನ್‌ಗಳನ್ನು ಒಟ್ಟಿಗೆ ಇಡುವ ಕಟ್ಟು) ಮತ್ತು ಕನ್‌ಸ್ಟ್ರಕ್ಟರ್‌ಗೆ (ಒಂದು ಟೈಪ್‌ನ ಒಳಬಗೆಗಳಿಗೆ ಇಡುವ ಹೆಸರು) ಮೀಸಲು. ಟೈಪ್‌ಗೆ ಚಿಕ್ಕಕ್ಷರ, ಎರಡು ಪದ ಇದ್ದರೆ ನಡುವೆ ಅಂಡರ್‌ಸ್ಕೋರ್. ಹ್ಯಾಸ್ಕೆಲ್ ಎಂಬ ಇನ್ನೊಂದು ಭಾಷೆಯಲ್ಲಿ ಟೈಪ್‌ಗೆ ದೊಡ್ಡಕ್ಷರವೇ ಬೇಕು. ಆ ಪಾಠ ನೋಡಿ ಇಲ್ಲಿ ಹೆಸರಿಡಬೇಡಿ.

ಇನ್ನು 'ಟಿ'. ಮಂಡ್ಯದ ಹತ್ತಿರದ ಒಂದು ಆಲೆಮನೆಗೆ ನಾನು ಕಬ್ಬಿನ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. 'ರೈತ' ಹೆಸರಿನ ಫೈಲ್ ಮಾಡಿದರೆ ಅದೇ ರೈತ ಮಾಡ್ಯೂಲ್ ಆಗುತ್ತದೆ. ಒಳಗಿನ ಟೈಪ್‌ಗೂ ಅದೇ ಹೆಸರಿಟ್ಟರೆ ಬೇರೆ ಫೈಲ್‌ನಲ್ಲಿ 'ರೈತ.ರೈತ' ಎಂದು ಬರೆಯಬೇಕು. ಮನೆಯೊಳಗೆ 'ಅಮ್ಮ' ಅಂದರೆ ಸಾಕು, ಬೀದಿಯಲ್ಲಿ 'ಶಿವಣ್ಣನ ಅಮ್ಮ' ಅಂತೀವಿ ಅಲ್ವಾ? 'ರೈತ.ಟಿ' ಕೂಡ ಹಾಗೇ.

ಇದು ಸುಮ್ನೆ ಚೆಂದಕ್ಕೆ ಇಟ್ಟ ಹೆಸರಲ್ಲ. ಯಾವ ರೈತರದು ಎಷ್ಟು ಲೋಡು ಎಂದು ಕೂಡಿಸಲು ನನಗೆ ಮ್ಯಾಪ್, ಅಂದರೆ ಹೆಸರು ಕೊಟ್ಟರೆ ಅದರ ಲೆಕ್ಕ ಹುಡುಕಿಕೊಡುವ ಪಟ್ಟಿ, ಬೇಕಿತ್ತು. ಅದನ್ನು ಮಾಡಿಕೊಡುವುದು 'ಮ್ಯಾಪ್.ಮೇಕ್'. 'ಮ್ಯಾಪ್.ಮೇಕ್'ಗೆ ಕೊಡುವ ಮಾಡ್ಯೂಲ್‌ನಲ್ಲಿ 'ಟಿ' ಹೆಸರಿನ ಟೈಪ್, 'ಕಂಪೇರ್' ಹೆಸರಿನ ಫಂಕ್ಷನ್ ಇರಲೇಬೇಕು. ಬೇರೆ ಹೆಸರಿಟ್ಟರೆ, 'ಟಿ' ಬೇಕಿತ್ತು, ಕೊಟ್ಟಿಲ್ಲ ಎಂದು ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. 'ಸೆಟ್.ಮೇಕ್' ಕೇಳುವುದೂ ಇವೆರಡನ್ನೇ. ಮಾಡ್ಯೂಲ್‌ನ ಮುಖ್ಯ ಟೈಪ್ ಮಾತ್ರ 'ಟಿ'. ಉಳಿದವಕ್ಕೆ ಅರ್ಥ ಇರುವ ಹೆಸರು ಕೊಡಿ. ಮ್ಯಾಪ್‌ನಲ್ಲೇ ನೋಡಿ, ಹುಡುಕುವ ಟೈಪ್‌ಗೆ 'ಕೀ' ಅಂತಿದೆ.

ಒಂದು ಮಾತು ಮಾತ್ರ ಮರೆಯಬೇಡಿ. ವೇಬ್ರಿಡ್ಜ್ ಚೀಟಿಯಲ್ಲಿ ಎರಡು ತೂಕ ಇರುತ್ತದೆ: ಲೋಡು ಸಮೇತ ಗಾಡಿಯದು, ಖಾಲಿ ಗಾಡಿಯದು. ನಾನು ಎರಡು ಟೈಪ್ ಹೆಸರು ಇಟ್ಟಿದ್ದೆ, ಆದರೆ ಎರಡನ್ನೂ ಫ್ಲೋಟ್‌ಗೆ (ದಶಮಾಂಶ ಸಂಖ್ಯೆಯ ಟೈಪ್) ಸಮ ಎಂದು ಬರೆದಿದ್ದೆ. ಒಂದು ಕಡೆ ಹಿಂದುಮುಂದಾಗಿ, ಕಬ್ಬಿನ ತೂಕ ಮೈನಸ್ ಬಂತು. ಕಂಪೈಲರ್ ಒಂದು ಮಾತೂ ಹೇಳಲಿಲ್ಲ. ಯಾಕೆಂದರೆ ಅದರ ಕಣ್ಣಿಗೆ ಎರಡೂ ಬರೀ ಫ್ಲೋಟ್. ಆಮೇಲೆ ಒಂದೊಂದಕ್ಕೂ ಬೇರೆ ಮಾಡ್ಯೂಲ್ ಮಾಡಿದೆ. ಇಂಟರ್‌ಫೇಸ್ ಫೈಲ್‌ನಲ್ಲಿ (ಮಾಡ್ಯೂಲ್‌ನಲ್ಲಿ ಹೊರಗಿನವರಿಗೆ ಏನು ಕಾಣಬೇಕು ಎಂದು ಹೇಳುವ ಫೈಲ್) 'ಟೈಪ್ ಟಿ' ಎಂದಷ್ಟೇ ಬರೆದೆ, ಮುಂದೆ ಸಮ ಚಿಹ್ನೆ ಇಲ್ಲ. ಹಾಗಾಗಿ ಒಳಗಿರುವುದು ಫ್ಲೋಟ್ ಎಂದು ಹೊರಗಿನ ಕೋಡಿಗೆ ಗೊತ್ತಾಗುವುದಿಲ್ಲ. ಈಗ ಹಿಂದುಮುಂದಾದರೆ ಕಂಪೈಲೇ ಆಗುವುದಿಲ್ಲ.

ನಿಮ್ಮ ಕೋಡಿನಲ್ಲೂ ಈಗಿರುವ ದೊಡ್ಡಕ್ಷರದ ಹೆಸರನ್ನು ಮಾಡ್ಯೂಲ್‌ಗೆ ಕೊಟ್ಟು, ಒಳಗಿನ ಟೈಪ್ ಅನ್ನು 'ಟಿ' ಮಾಡಿ ನೋಡಿ.