ನಾಲ್ಕು ದೇಶ ಬೇಡ, ಲಾವೋಸ್ ಒಂದೇ ಸಾಕು

ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯ ನಾಲ್ಕನ್ನೂ ಹದಿನೆಂಟು ದಿನದಲ್ಲಿ ಬೆನ್ನಿಗೊಂದು ಚೀಲ ಹಾಕಿಕೊಂಡು ಸುತ್ತಬಹುದೇ, ಸಾಹಸವೂ ಇರಬೇಕು, ಇಬ್ಬರಲ್ಲಿ ಒಬ್ಬರು ಶುದ್ಧ ಸಸ್ಯಾಹಾರಿ ಎಂದು ಕೇಳಿದ್ದೀರಿ. ಸುತ್ತಬಹುದು. ಆದರೆ ನೋಡಿ ಬರುವುದು ಬಸ್ ನಿಲ್ದಾಣಗಳನ್ನು ಮತ್ತು ಗಡಿ ಕಚೇರಿಗಳ ಸರತಿ ಸಾಲನ್ನು. ನನ್ನನ್ನು ಕೇಳಿದರೆ ಮೂರನ್ನು ಬಿಟ್ಟು ಲಾವೋಸ್ ಒಂದನ್ನೇ ಹಿಡಿಯಿರಿ.

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನವಿದೆ. ಅಲ್ಲಿಂದ ಚಿಯಾಂಗ್ ರಾಯ್ ತಲುಪಿ, ಚಿಯಾಂಗ್ ಖೋಂಗ್ ಬಳಿಯ ಸೇತುವೆಯಲ್ಲಿ ಮೆಕಾಂಗ್ ನದಿ ದಾಟಿದರೆ ಲಾವೋಸ್‌ನ ಹುಆಯ್ ಸಾಯ್. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ಮುನ್ನ ಸರ್ಕಾರಿ ಜಾಲತಾಣದಲ್ಲೇ ನೋಡಿಕೊಳ್ಳಿ. ಇ-ವೀಸಾ ಎಲ್ಲ ಗಡಿಗಳಲ್ಲಿಯೂ ನಡೆಯುವುದಿಲ್ಲ ಎಂಬುದು ನೆನಪಿರಲಿ.

ಹುಆಯ್ ಸಾಯ್‌ನಿಂದ ಲುಆಂಗ್ ಪ್ರಬಾಂಗ್‌ಗೆ ನಿಧಾನದ ದೋಣಿಯಲ್ಲೇ ಹೋಗಿ. ಎರಡು ಹಗಲಿನ ಪಯಣ, ನಡುವೆ ರಾತ್ರಿ ಪಾಕ್‌ಬೆಂಗ್ ಎಂಬ ಊರಿನಲ್ಲಿ ತಂಗುವುದು. ಉದ್ದನೆಯ ಮರದ ದೋಣಿ. ಕೂರಲು ಎಷ್ಟೋ ದೋಣಿಗಳಲ್ಲಿ ಹಳೆಯ ವ್ಯಾನುಗಳಿಂದ ಕಿತ್ತು ತಂದ ಸೀಟುಗಳು. ಹಿಂಬದಿಯಲ್ಲಿ ಎಂಜಿನ್ ಇರುತ್ತದೆ, ಬೇಗ ಹೋಗಿ ಮುಂದಿನ ಜಾಗ ಹಿಡಿಯದಿದ್ದರೆ ಸಂಜೆಯ ಹೊತ್ತಿಗೆ ಕಿವಿ ಗುಂಯ್‌ಗುಡುತ್ತದೆ. ಒಂದೇ ದಿನದಲ್ಲಿ ಮುಟ್ಟಿಸುವ ವೇಗದ ದೋಣಿಯೂ ಉಂಟು. ಅದನ್ನು ಹತ್ತುವವರ ತಲೆಗೆ ಹೆಲ್ಮೆಟ್ ಹಾಕುತ್ತಾರೆ. ಹತ್ತಬೇಕೋ ಬೇಡವೋ ಎಂಬುದಕ್ಕೆ ಅದೇ ಉತ್ತರ.

ಲುಆಂಗ್ ಪ್ರಬಾಂಗ್‌ನಿಂದ ರಾಜಧಾನಿ ವಿಯೆಂಟಿಯಾನ್‌ಗೆ 2021ರ ಡಿಸೆಂಬರ್‌ನಲ್ಲಿ ಆರಂಭವಾದ ಚೀನಾ-ಲಾವೋಸ್ ರೈಲು ಇದೆ, ಸುಮಾರು ಎರಡು ಗಂಟೆ. ನಿಲ್ದಾಣಗಳು ಊರಿನಿಂದ ದೂರ. ತಪಾಸಣೆಯಲ್ಲಿ ಚಾಕು ಮತ್ತು ಒತ್ತಡದ ಸ್ಪ್ರೇ ಡಬ್ಬಿಗಳನ್ನು ಕಿತ್ತಿಟ್ಟುಕೊಳ್ಳುತ್ತಾರೆ, ಸೊಳ್ಳೆಗೆ ಕ್ರೀಂ ಒಯ್ಯಿರಿ.

ನಿಜವಾದ ಸಾಹಸ ಬೇಕಿದ್ದರೆ ಅದು ದಕ್ಷಿಣಕ್ಕೆ, ಥಾಖೆಕ್‌ನಲ್ಲಿ. ಬಾಡಿಗೆ ಬೈಕಿನಲ್ಲಿ ಸುಮಾರು 450 ಕಿಲೋಮೀಟರ್ ಸುತ್ತಿ ಮತ್ತೆ ಅಲ್ಲಿಗೇ ಬರುವ ದಾರಿ, ನಾಲ್ಕು ದಿನ ಇಟ್ಟುಕೊಳ್ಳಿ. ನಕಾಯ್ ಪ್ರಸ್ಥಭೂಮಿಯ ಮೇಲೆ ನಾಮ್ ಥೆಉನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಸತ್ತ ಮರಗಳು ಇಂದಿಗೂ ನೆಟ್ಟಗೆ ನಿಂತಿವೆ. ಆಮೇಲೆ ಕೊಂಗ್ ಲೋರ್ ಗುಹೆ. ಸುಣ್ಣಕಲ್ಲಿನ ಬೆಟ್ಟವನ್ನು ಕೊರೆದು ಹಿನ್‌ಬೂನ್ ನದಿ ಸುಮಾರು ಏಳು ಕಿಲೋಮೀಟರ್ ಕತ್ತಲೆಯಲ್ಲೇ ಹರಿಯುತ್ತದೆ, ನೀವು ಕಿರುದೋಣಿಯಲ್ಲಿ ಅದರೊಳಗೆ ಹೋಗುತ್ತೀರಿ. ಬೆಳಕೆಂದರೆ ಅಂಬಿಗನ ಹಣೆಯ ದೀಪ ಮತ್ತು ನಿಮ್ಮದು. ಬೇಸಿಗೆಯಲ್ಲಿ ನೀರು ತೆಳುವಾದ ಕಡೆ ದೋಣಿಯ ತಳ ಜಲ್ಲಿಗೆ ಉಜ್ಜಿ ನಿಲ್ಲುತ್ತದೆ; ಇಳಿದು ಮೊಣಕಾಲು ಮಟ್ಟದ ನೀರಿನಲ್ಲಿ ನಡೆಯಬೇಕು. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಇದ್ದರೆ ಒಳ್ಳೆಯದು, ಶೂ ಬೇಡ.

ಬೈಕಿನ ವಿಷಯದಲ್ಲಿ ಮಾತ್ರ ಹುಂಬತನ ಬೇಡ. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯಲ್ಲಿ ದ್ವಿಚಕ್ರ ವಾಹನದ ವರ್ಗ ಇದೆಯೇ ನೋಡಿಕೊಳ್ಳಿ. ಅದಿಲ್ಲದೆ ಬಿದ್ದರೆ ಪ್ರಯಾಣ ವಿಮೆಯವರು ಕೈ ಎತ್ತುವುದಕ್ಕೆ ಅಷ್ಟು ಸಾಕು. ಅಲ್ಲಿ ರಸ್ತೆಯ ಬಲಬದಿಯ ಸಂಚಾರ. ನೇರ ದಾರಿಯಲ್ಲಿ ಅಭ್ಯಾಸವಾಗಿಬಿಡುತ್ತದೆ, ಊಟ ಮುಗಿಸಿ ಖಾಲಿ ರಸ್ತೆಗೆ ಇಳಿಯುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಾಸ್‌ಪೋರ್ಟನ್ನು ಅಡವಿಡಬೇಡಿ, ಹಣದ ಠೇವಣಿ ಒಪ್ಪುವ ಅಂಗಡಿ ಹುಡುಕಿ. ಮೊದಲೇ ಇರುವ ಗೀರುಗಳ ಫೋಟೊ ತೆಗೆದಿಡಿ.

ಮತ್ತೊಂದು, ಇದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ: ಕಾಲುದಾರಿ ಬಿಟ್ಟು ಕಾಡಿಗೆ ಇಳಿಯುವಂತಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1964ರಿಂದ 1973ರವರೆಗೆ, ಅಮೆರಿಕ ಈ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಸುರಿಯಿತು. ಗೊಂಚಲು ಬಾಂಬುಗಳ ಮರಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸಿಡಿಯದೆ ಮಣ್ಣಿನಲ್ಲಿ ಉಳಿಯಿತು. ಥಾಖೆಕ್ ಇರುವ ಖಮ್ಮುಆನ್ ಪ್ರಾಂತ್ಯದಲ್ಲಿಯೇ ಹೋ ಚಿ ಮಿನ್ ಹಾದಿ, ಅಂದರೆ ಉತ್ತರ ವಿಯೆಟ್ನಾಂ ತನ್ನ ಸೇನೆಗೆ ಸರಕು ಸಾಗಿಸುತ್ತಿದ್ದ ದಾರಿ, ಹಾಯ್ದಿತ್ತು. ಜಿಯಾಂಗ್ ಖುಆಂಗ್ ಪ್ರಾಂತ್ಯದಲ್ಲಿ ಪ್ರಾಚೀನ ಕಲ್ಲಿನ ಹರವಿಗಳು ಹರಡಿರುವ ಬಯಲಿಗೆ ಹೋಗುವುದಾದರೆ ನೆಲದಲ್ಲಿ ಹೂತ ಕೆಂಪು-ಬಿಳಿ ಗುರುತುಗಳನ್ನು ನೋಡಿ: ಬಿಳಿಯ ಕಡೆ ಶೋಧಿಸಿ ತೆರವು ಮಾಡಿದ ನೆಲ, ನಡೆಯುವುದು ಅಲ್ಲಿ ಮಾತ್ರ. ಚಾರಣಕ್ಕೆ ಉತ್ತರದ ಲುಆಂಗ್ ನಾಮ್‌ಥಾದ ನಾಮ್ ಹಾ ಕಾಡು ಚೆನ್ನಾಗಿದೆ, ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಂಡೇ ಹೋಗಿ. ಮಳೆಗಾಲದ ಮಲೆನಾಡು ಕಂಡವರಿಗೆ ಇಂಬಳದ ಬಗ್ಗೆ ನಾನು ಹೇಳಬೇಕಿಲ್ಲ.

ಸಸ್ಯಾಹಾರಿ ಗೆಳೆಯರ ಪಾಡು ಕಷ್ಟ, ಆದರೆ ಉಪವಾಸವಲ್ಲ. ತರಕಾರಿ ಎಂದು ತಂದಿಟ್ಟದ್ದರಲ್ಲೂ ಕೊಳೆಸಿದ ಮೀನಿನ ರಸ, ಅಂದರೆ ಪಾದೇಕ್, ಇರುತ್ತದೆ. ಪಪ್ಪಾಯಿ ಕೋಸಂಬರಿಯಲ್ಲಂತೂ ಇದ್ದೇ ಇರುತ್ತದೆ. 'ಕಿನ್ ಜೇ' ಎಂದರೆ ಬೌದ್ಧ ವ್ರತದ ಸಸ್ಯಾಹಾರ ಎಂದು ತಿಳಿಯುತ್ತಾರೆ, 'ಬೋ ಸಾಯ್ ಪಾದೇಕ್', ಅಂದರೆ ಪಾದೇಕ್ ಹಾಕಬೇಡಿ, ಎಂದೂ ಸೇರಿಸಿ. ಬಿದಿರ ಬುಟ್ಟಿಯಲ್ಲಿ ಕೊಡುವ ಅಂಟು ಅನ್ನ ಎಲ್ಲೆಡೆ ಸಿಗುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋದರೆ ಅದರ ಜೊತೆಗೆ ಸೊಗಸಾಗಿ ಹೊಂದುತ್ತದೆ.

ಅದೇ ರೈಲು ದಾರಿಯ ನಡುವೆ ಸಿಗುವ ವಾಂಗ್ ವಿಯೆಂಗ್ ಎಂಬ ಊರಿನಲ್ಲಿ ಯಾರಾದರೂ ಪುಕ್ಕಟೆ ಮದ್ಯ ಕೊಟ್ಟರೆ ಮುಟ್ಟಬೇಡಿ. 2024ರ ನವೆಂಬರ್‌ನಲ್ಲಿ ಅಲ್ಲಿ ಮೆಥನಾಲ್ ಬೆರೆತ ಮದ್ಯಕ್ಕೆ ಆರು ಮಂದಿ ವಿದೇಶಿ ಪ್ರವಾಸಿಗರು ಬಲಿಯಾದರು. ದೊಡ್ಡ ಕಾಯಿಲೆ, ಅಪಘಾತಗಳಿಗೆ ವಿಯೆಂಟಿಯಾನ್‌ನವರೇ ಗಡಿ ದಾಟಿ ಥಾಯ್ಲೆಂಡಿನ ಉದೋನ್ ಥಾನಿಗೆ ಓಡುತ್ತಾರೆ. ರೋಗಿಯನ್ನು ಸಾಗಿಸುವ ವೆಚ್ಚವೂ ಸೇರಿದ ವಿಮೆಯನ್ನೇ ಮಾಡಿಸಿ.

ಯಾವ ತಿಂಗಳು ಹೋಗುತ್ತೀರಿ ಎಂದು ಬರೆದಿಲ್ಲ. ನವೆಂಬರ್‌ನಿಂದ ಫೆಬ್ರವರಿಯಾದರೆ ಮೇಲಿನ ಕ್ರಮವೇ ಸರಿ, ದೋಣಿಯಲ್ಲಿ ಬೆಳಗಿನ ಚಳಿಗೆ ಒಂದು ಸ್ವೆಟರ್ ಇರಲಿ. ಮಾರ್ಚ್-ಏಪ್ರಿಲ್ ಆದರೆ ಉತ್ತರದಲ್ಲಿ ಕುಮರಿ ಬೇಸಾಯದ ಬೆಂಕಿಯ ಹೊಗೆ ಕವಿದು ಎದುರಿನ ಬೆಟ್ಟವೇ ಕಾಣುವುದಿಲ್ಲ. ಆಗ ದೋಣಿ ಬಿಟ್ಟು ನೇರ ಥಾಖೆಕ್‌ಗೆ ಹೋಗಿ. ಮಳೆಗಾಲದಲ್ಲಿ ನೀರು ಏರಿದರೆ ಗುಹೆ ಮುಚ್ಚುತ್ತಾರೆ. ತಿಂಗಳು ತಿಳಿಸಿ, ದಿನಗಳನ್ನು ಹೇಗೆ ಹಂಚಬೇಕು ಎಂಬುದನ್ನು ಇಲ್ಲೇ ಬರೆಯುತ್ತೇನೆ.