ಅಡ್ಮಿಷನ್ ಲೆಟರ್ ಬಂದ ಮೇಲೆ ಪಾಸ್‌ಪೋರ್ಟ್ ಮಾಡಿಸಿದರೆ ಸಾಕಾ?

ನೀವು ಕೇಳಿರೋದು ಇಷ್ಟು: ಊರು ಹಾಸನ, ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಬಿ.ಇ. ಕೊನೆಯ ವರ್ಷ ಓದುತ್ತಿದ್ದೀರಿ, ಮುಂದೆ ಜರ್ಮನಿಯಲ್ಲಿ ಎಂ.ಎಸ್. ಮಾಡುವ ಆಸೆ. ಸೀಟು ಸಿಕ್ಕ ಮೇಲೆ ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್ ಮಾಡಿಸಿದರೆ ಆಗಲ್ವಾ ಅಂತ.

ಆಗಲ್ಲ. ಈ ವಾರವೇ ಅರ್ಜಿ ಹಾಕಿ. ನಾನು ಜರ್ಮನಿಯಲ್ಲೇ ಓದಿ ಅಲ್ಲೇ ಕೆಲಸಕ್ಕೆ ಸೇರಿದವನು, ಊರಿನ ಹುಡುಗರು ಪ್ರತಿ ವರ್ಷ ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಯ ವೀಸಾಕ್ಕೆ ಎಪಿಎಸ್ ಸರ್ಟಿಫಿಕೇಟ್ ಕೊಡಲೇಬೇಕು. ನಿಮ್ಮ ಮಾರ್ಕ್ಸ್ ಕಾರ್ಡುಗಳು ಅಸಲಿ ಅಂತ ದೆಹಲಿಯ ಎಪಿಎಸ್ ಕಚೇರಿ ಪರಿಶೀಲಿಸಿ ಕೊಡುವ ಕಾಗದ ಅದು. ಫೀಸು 18,000 ರೂಪಾಯಿ. ಎಷ್ಟೋ ಯೂನಿವರ್ಸಿಟಿಗಳು ಅಡ್ಮಿಷನ್ ಅರ್ಜಿಯ ಜೊತೆಗೇ ಅದನ್ನು ಕೇಳುತ್ತವೆ. ಎಪಿಎಸ್‌ಗೆ ಪಾಸ್‌ಪೋರ್ಟ್ ಬೇಕು. ಅಂದರೆ ಸೀಟಿಗಿಂತ ಮೊದಲೇ ಪಾಸ್‌ಪೋರ್ಟ್ ಕೈಯಲ್ಲಿರಬೇಕು.

ಅದಕ್ಕಿಂತ ದೊಡ್ಡ ತಲೆನೋವು ಹೆಸರಿನದು. ನಮ್ಮ ಹಳೆ ಮೈಸೂರು ಕಡೆ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ 'ಮಂಜುನಾಥ ಕೆ.' ಅಂತ ಇರುತ್ತೆ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಪಾಟೀಲ, ಹಿರೇಮಠ ಅಂತ ಅಡ್ಡಹೆಸರು ಇರೋದರಿಂದ ಈ ಗೋಳು ಕಮ್ಮಿ. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. 'ಕೆ' ಅಂದರೆ ಅಪ್ಪನ ಹೆಸರಾ, ಊರಾ ಅಂತ ಮನೆಯಲ್ಲಿ ಮೊದಲು ಕೇಳಿಕೊಳ್ಳಿ. ಆಧಾರ್‌ನಲ್ಲಿ ಹೇಗಿದೆ ನೋಡಿ, ಬೇರೆ ಥರ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಬಿಟ್ಟರೂ ಪಾಸ್‌ಪೋರ್ಟ್ ಬರುತ್ತೆ, ಆದರೆ ಆಮೇಲೆ ಸಿಗುವ ಎಷ್ಟೋ ಫಾರಂಗಳಲ್ಲಿ ಸರ್‌ನೇಮ್ ಇಲ್ಲದೆ ಮುಂದಕ್ಕೆ ಹೋಗಲು ಬಿಡಲ್ಲ. ಅಪ್ಪನ ಹೆಸರು ಸರ್‌ನೇಮ್ ಆದರೆ ಜರ್ಮನಿಯಲ್ಲಿ ಎಲ್ಲರೂ ನಿಮ್ಮನ್ನು 'ಹೆರ್ ಕೃಷ್ಣಪ್ಪ' (ಹೆರ್ ಅಂದರೆ ಮಿಸ್ಟರ್) ಅಂತಲೇ ಕರೀತಾರೆ. ಮನೆಯ ಅಂಚೆ ಡಬ್ಬಿಯ ಮೇಲೂ ಅದೇ ಹೆಸರು. ಒಂದು ತಿಂಗಳು ವಿಚಿತ್ರ ಅನಿಸುತ್ತೆ, ಆಮೇಲೆ ತಿರುಗಿ ನೋಡೋದು ರೂಢಿಯಾಗುತ್ತೆ.

ಎಪಿಎಸ್, ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿನ ದುಡ್ಡನ್ನು ಮೊದಲೇ ಕಟ್ಟಿಡುವ ಖಾತೆ), ಇನ್ಶೂರೆನ್ಸ್, ವೀಸಾ, ಎಲ್ಲವೂ ಪಾಸ್‌ಪೋರ್ಟಿನ ಹೆಸರನ್ನೇ ಹಿಡಿದು ಹೋಗುತ್ತವೆ. ಮಾರ್ಕ್ಸ್ ಕಾರ್ಡಿಗೂ ಅದಕ್ಕೂ ವ್ಯತ್ಯಾಸ ಇದ್ದರೆ ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಫೈಲಿನಲ್ಲಿಟ್ಟುಕೊಳ್ಳಿ.

ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಅಂತ ಮೂರು ಕೌಂಟರ್. ಎ ಕೌಂಟರಿನಲ್ಲಿ ಫೋಟೋ, ಬೆರಳಚ್ಚು ತೆಗೆದು, ಕಾಗದ ಸ್ಕ್ಯಾನ್ ಮಾಡುತ್ತಾರೆ. ನಿಮ್ಮ ವಿವರ ಸ್ಕ್ರೀನಿನಲ್ಲಿ ತೋರಿಸಿ 'ಸರಿ ಇದೆಯಾ ನೋಡ್ಕೊಳ್ಳಿ' ಅಂತಾರೆ. ಹಿಂದೆ ಟೋಕನ್ ಹಿಡಿದವರು ಕಾಯುತ್ತಿರುತ್ತಾರೆ, ಸುಮ್ನೆ ತಲೆಯಾಡಿಸಬೇಕು ಅನಿಸುತ್ತೆ. ಆಡಿಸಬೇಡಿ. ಒಂದೊಂದೇ ಅಕ್ಷರ ಓದಿ, ಅಪ್ಪ ಅಮ್ಮನ ಹೆಸರೂ ಓದಿ. ಅಲ್ಲಿ ತಿದ್ದಿಸೋದು ಒಂದು ನಿಮಿಷದ ಕೆಲಸ, ಪಾಸ್‌ಪೋರ್ಟ್ ಅಚ್ಚಾದ ಮೇಲೆ ಮತ್ತೆ ಅರ್ಜಿ, ಮತ್ತೆ ಫೀಸು.

ವಿಳಾಸ ಪಿಜಿಯದ್ದು ಕೊಡೋದಾದರೆ ಕಾಲೇಜಿನಿಂದ ಬೋನಾಫೈಡ್ (ನೀವು ಅಲ್ಲಿನ ವಿದ್ಯಾರ್ಥಿ ಅನ್ನೋ ಪತ್ರ) ತಗೊಳ್ಳಿ. ಪೊಲೀಸ್ ವೆರಿಫಿಕೇಷನ್ ಆ ವಿಳಾಸಕ್ಕೇ ಬರುತ್ತೆ, ಆಗ ನೀವು ಅಲ್ಲಿರಬೇಕು. ಫೀಸು 36 ಪುಟಕ್ಕೆ 1,500 ರೂಪಾಯಿ, ಅಷ್ಟು ಪುಟ ಧಾರಾಳ. ತತ್ಕಾಲ್‌ಗೆ ಇನ್ನೂ 2,000 ಜಾಸ್ತಿ. ಈಗಲೇ ಅರ್ಜಿ ಹಾಕಿದರೆ ಆ ಖರ್ಚೇ ಬೇಕಿಲ್ಲ.

ವೀಸಾದಲ್ಲಿ ದುಡ್ಡಿನದೇ ದೊಡ್ಡ ಮಾತು. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಬಿಡುತ್ತಾರೆ. ಎಜುಕೇಷನ್ ಲೋನ್ ಆದರೆ ಬ್ಯಾಂಕಿನವರಿಗೆ ಬ್ಲಾಕ್ಡ್ ಅಕೌಂಟ್ ಅಂದರೆ ಏನು ಅಂತ ನೀವೇ ತಿಳಿಸಿ ಹೇಳಬೇಕಾಗಬಹುದು, ಟೈಮ್ ಇಟ್ಟುಕೊಳ್ಳಿ. ಇನ್ನೊಂದು ವಿಷಯ ಹಳಬರು ಹೇಳಲ್ಲ. ಮುಂಚೆ ವೀಸಾ ರಿಜೆಕ್ಟ್ ಆದರೆ ಕಾನ್ಸುಲೇಟಿಗೇ ಮೇಲ್ಮನವಿ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಇರೋದು ಎರಡೇ ದಾರಿ, ಹೊಸ ಅರ್ಜಿ ಇಲ್ಲಾ ಬರ್ಲಿನ್‌ನಲ್ಲಿ ಕೋರ್ಟು. ಕೋರ್ಟಿಗೆ ಯಾರು ಹೋಗ್ತಾರೆ ಹೇಳಿ.

ಕನ್ಸಲ್ಟೆನ್ಸಿ ಬೇಕಾ ಅಂತಲೂ ಕೇಳಿದ್ದೀರಿ. ಫಾರಂ ತುಂಬೋಕೆ ಭಯ ಇದ್ದರೆ ಹೋಗಿ, ತಪ್ಪಿಲ್ಲ. ಆದರೆ ಎಪಿಎಸ್ ಬೇಗ ತೆಗೆಸಿಕೊಡ್ತೀವಿ ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ. ಒರಿಜಿನಲ್ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟ್ ಮಾತ್ರ ಅವರ ಬೀರುವಿನಲ್ಲಿ ಬಿಡಬೇಡಿ, ಜೆರಾಕ್ಸ್ ಕೊಡಿ.