ಓದುಗರ ಪ್ರಶ್ನೆ: ಯಾವ ಕಂಪನಿಯ ಮೌತ್ ಆರ್ಗನ್ ಕೊಳ್ಳಲಿ?

ಪ್ರಶ್ನೆ: ಕಾಲೇಜು ದಿನಗಳಲ್ಲಿ ಗೆಳೆಯನ ಮೌತ್ ಆರ್ಗನ್ ಇಸಿದುಕೊಂಡು ಹಳೆಯ ಚಿತ್ರಗೀತೆಗಳನ್ನು ನುಡಿಸುತ್ತಿದ್ದೆ. ಈಗ ಸ್ವಂತದ್ದೊಂದು ಬೇಕೆನಿಸಿದೆ. ಹೋನರ್, ಸೈಡೆಲ್, ಸುಜುಕಿ, ಟೊಂಬೊ, ಈಸ್ಟ್‌ಟಾಪ್ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಯಾವುದು ಉತ್ತಮ? ಮೊಮ್ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಅವಳ ಸರಳೆ ವರಸೆಗೆ ನಾನು ಇದರಲ್ಲಿ ಜೊತೆಗೊಡಬಹುದೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮಾನ್ಯರೇ, ತಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಬಗೆಹರಿಸಿಕೊಂಡರೆ ಮೊದಲನೆಯದು ಸುಲಭವಾಗುತ್ತದೆ. ಕಂಪನಿಗಿಂತ ಮುಂಚೆ ವಾದ್ಯದ ಬಗೆ ಗೊತ್ತಾಗಬೇಕು. ನಮ್ಮ ಅಂಗಡಿಗಳಲ್ಲಿ ಹಿಂದಿನಿಂದಲೂ ಸಿಗುತ್ತಿರುವ, ಎರಡು ಸಾಲು ಕಿಂಡಿಗಳ ಉದ್ದನೆಯ ವಾದ್ಯದ ಹೆಸರು ಟ್ರೆಮೊಲೊ. ಅದರಲ್ಲಿ ಪ್ರತಿಯೊಂದು ಸ್ವರಕ್ಕೂ ಎರಡೆರಡು ರೀಡುಗಳಿದ್ದು (ರೀಡು ಎಂದರೆ ಉಸಿರಿಗೆ ಕಂಪಿಸಿ ನುಡಿಯುವ ಲೋಹದ ತೆಳು ಪಟ್ಟಿ), ಒಂದನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಏರಿಸಿ ಶ್ರುತಿ ಮಾಡಿರುತ್ತಾರೆ. ನಾದವು ಅಲೆಯಲೆಯಾಗಿ ಕೇಳುವುದು ಆ ವ್ಯತ್ಯಾಸದಿಂದಲೇ. ತಾವು ಕಾಲೇಜಿನಲ್ಲಿ ನುಡಿಸಿದ್ದು ಬಹುಶಃ ಇದನ್ನೇ. ಅಂಗೈಯಲ್ಲಿ ಅಡಗುವ, ಹತ್ತು ಕಿಂಡಿ ಮತ್ತು ಇಪ್ಪತ್ತು ರೀಡುಗಳ ವಾದ್ಯ ಡಯಾಟೋನಿಕ್. ಬಲತುದಿಯಲ್ಲಿ ಒತ್ತುಗುಂಡಿ ಇರುವುದು ಕ್ರೋಮ್ಯಾಟಿಕ್; ಸಾಮಾನ್ಯವಾಗಿ ಹನ್ನೆರಡು ಕಿಂಡಿ, 48 ರೀಡುಗಳಿರುವ ಇದರಲ್ಲಿ ಸ್ಥಾಯಿಯ ಹನ್ನೆರಡೂ ಸ್ವರಸ್ಥಾನಗಳು ಸಿಗುತ್ತವೆ.

ಟ್ರೆಮೊಲೊದಲ್ಲಿ ಸಿಗುವುದು ನಮ್ಮ ಶಂಕರಾಭರಣದ, ಎಂದರೆ ಹಿಂದೂಸ್ತಾನಿಯ ಬಿಲಾವಲ್‌ನ ಸ್ವರಗಳು. ಸರಳೆ ವರಸೆಯನ್ನು ಕಲಿಸುವುದಾದರೋ ಮಾಯಾಮಾಳವಗೌಳದಲ್ಲಿ. ಅದರ ಶುದ್ಧ ರಿಷಭ, ಶುದ್ಧ ಧೈವತಗಳು ಈ ವಾದ್ಯದಲ್ಲಿ ಇಲ್ಲವೇ ಇಲ್ಲ. ಕ್ರೋಮ್ಯಾಟಿಕ್‌ನಲ್ಲಿ ಅದೇ ರಾಗ ಅಚ್ಚರಿಯಾಗುವಷ್ಟು ಸಲೀಸು. ಸಿ ಶ್ರುತಿಯ ವಾದ್ಯದ ಮೊದಲ ಕಿಂಡಿಯಲ್ಲಿ ಊದಿದರೆ ಷಡ್ಜ, ಊದುತ್ತಲೇ ಗುಂಡಿ ಒತ್ತಿದರೆ ಶುದ್ಧ ರಿಷಭ. ಎರಡನೆಯ ಕಿಂಡಿಯಲ್ಲಿ ಊದಿದರೆ ಗಾಂಧಾರ, ಸೆಳೆದರೆ (ಉಸಿರನ್ನು ಒಳಗೆಳೆದುಕೊಂಡರೆ) ಮಧ್ಯಮ. ಮೂರರಲ್ಲಿ ಊದಿದರೆ ಪಂಚಮ, ಗುಂಡಿ ಒತ್ತಿದರೆ ಶುದ್ಧ ಧೈವತ. ನಾಲ್ಕರಲ್ಲಿ ಸೆಳೆದರೆ ನಿಷಾದ, ಊದಿದರೆ ಮೇಲಿನ ಷಡ್ಜ. ಮೊಮ್ಮಗಳ ಶ್ರುತಿ ಬೇರೆಯಾಗಿದ್ದರೆ ಈ ಸುಲಭದ ಲೆಕ್ಕ ಕೆಡುತ್ತದೆ. ಜಿ ಮೊದಲಾದ ಶ್ರುತಿಗಳಲ್ಲೂ ಕ್ರೋಮ್ಯಾಟಿಕ್ ತಯಾರಾಗುವುದರಿಂದ ಕೊಳ್ಳುವ ಮುನ್ನ ಅವಳ ಗುರುಗಳನ್ನು ಒಂದು ಮಾತು ಕೇಳಿ. ಗಮಕಗಳನ್ನು ಮಾತ್ರ ಈ ವಾದ್ಯದಿಂದ ಹೆಚ್ಚಾಗಿ ನಿರೀಕ್ಷಿಸಬೇಡಿ.

ಇನ್ನು ಕಂಪನಿಗಳ ಮಾತು. ಗಡಿಯಾರದ ಕೆಲಸ ಬಲ್ಲ ಮಥಿಯಾಸ್ ಹೋನರ್ 1857ರಲ್ಲಿ ಜರ್ಮನಿಯ ಟ್ರೊಸಿಂಗನ್‌ನಲ್ಲಿ ಆರಂಭಿಸಿದ ಕಂಪನಿಯ ‘ಮರೀನ್ ಬ್ಯಾಂಡ್’ 1896ರಿಂದ ಇಂದಿನವರೆಗೂ ಮಾರಾಟದಲ್ಲಿದೆ. ಪೇರ್ ಮರದ ಕೋಂಬ್‌ಗೆ (ಕಿಂಡಿಗಳನ್ನು ಬೇರ್ಪಡಿಸುವ ನಡುಭಾಗ) ಮೊಳೆ ಹೊಡೆದು ಕೂರಿಸಿದ, ರೀಡುಗಳನ್ನು ಹೊತ್ತ ಹಿತ್ತಾಳೆಯ ಪ್ಲೇಟುಗಳ ಆ ಹಳೆಯ ಮಾದರಿಯ ನಾದಕ್ಕೆ ಮನಸೋಲದವರು ಕಡಿಮೆ, ಬಿಚ್ಚಿ ರಿಪೇರಿ ಮಾಡಹೊರಟು ಬೇಸತ್ತವರೂ ಕಡಿಮೆಯಿಲ್ಲ. ಅದೇ ಕಂಪನಿಯ ‘ಸ್ಪೆಷಲ್ 20’ರಲ್ಲಿ ಪ್ಲಾಸ್ಟಿಕ್ ಕೋಂಬ್ ಇದ್ದು, ಪ್ಲೇಟಿನ ಅಂಚು ಒಳಗೇ ಉಳಿಯುವುದರಿಂದ ತುಟಿಗೆ ಹಿತ. ಹೋನರ್‌ಗಿಂತ ಹತ್ತು ವರ್ಷ ಹಿರಿಯದಾದ, ಕ್ಲಿಂಗೆಂಥಾಲ್ ಊರಿನ ಸೈಡೆಲ್ ಸ್ಟೇನ್‌ಲೆಸ್ ಸ್ಟೀಲ್ ರೀಡುಗಳಿಗೆ ಹೆಸರುವಾಸಿ. ಅವು ಹಿತ್ತಾಳೆಯವಕ್ಕಿಂತ ಹೆಚ್ಚು ಕಾಲ ಬಾಳುತ್ತವೆ, ಬೆಲೆಯೂ ಅದಕ್ಕೆ ತಕ್ಕಂತಿದೆ. ಜಪಾನಿನ ಹಮಾಮಾತ್ಸುವಿನ ಸುಜುಕಿ ಮೂರೂ ಬಗೆಯ ವಾದ್ಯಗಳನ್ನು ಅಚ್ಚುಕಟ್ಟಾಗಿ ಮಾಡುತ್ತದೆ. 1917ರಲ್ಲಿ ಶುರುವಾದ ಟೊಂಬೊ ಟ್ರೆಮೊಲೊಗೆ ಪ್ರಸಿದ್ಧ. ಚೀನಾದ ಈಸ್ಟ್‌ಟಾಪ್ ಕಡಿಮೆ ಬೆಲೆಯಲ್ಲಿ ಕೈಕೊಡದ ವಾದ್ಯ ಕೊಡುತ್ತಿದೆ ಎಂಬುದು ನನ್ನ ಅನುಭವ. ಚಿತ್ರಗೀತೆಗಳಷ್ಟೇ ಸಾಕೆಂದರೆ ಟೊಂಬೊ ಟ್ರೆಮೊಲೊ ಕೊಳ್ಳಿ. ಮೊಮ್ಮಗಳ ಜೊತೆ ಕೂರಬೇಕೆಂದಿದ್ದರೆ ಈಸ್ಟ್‌ಟಾಪ್ ಕ್ರೋಮ್ಯಾಟಿಕ್‌ನಿಂದ ಶುರುಮಾಡಿ, ಕೈ ಕುದುರಿದ ಮೇಲೆ ಹೋನರ್ ಅಥವಾ ಸುಜುಕಿಯ ಯೋಚನೆ ಮಾಡಬಹುದು.

ಪಳಗಿದವರು ಹೆಸರನ್ನು ನೋಡಿ ಸುಮ್ಮನಾಗುವುದಿಲ್ಲ. ಅವರು ಮೊದಲು ನೋಡುವುದು ಗಾಳಿ ಸೋರುತ್ತದೆಯೇ ಎಂದು. ದೀಪದ ಕುಡಿ ಅಲುಗುವಷ್ಟು ಮೆಲ್ಲನೆಯ ಉಸಿರಿಗೂ ಪ್ರತಿ ಕಿಂಡಿಯು, ಊದುವಾಗಲೂ ಸೆಳೆಯುವಾಗಲೂ, ತಡವಿಲ್ಲದೆ ನುಡಿಯಬೇಕು. ಬಾಯಿಟ್ಟು ನೋಡಲು ಅಂಗಡಿಯವರು ಬಿಡದಿದ್ದರೆ ಪುಟ್ಟ ತಿದಿ ಇದೆಯೇ ಎಂದು ವಿಚಾರಿಸಿ. ಅದನ್ನು ಒತ್ತಿ ಒಂದೊಂದೇ ರೀಡನ್ನು ಕೇಳಿಸಿಕೊಳ್ಳಬಹುದು.

ಪ್ರಶ್ನೆ: ಹತ್ತು ಕಿಂಡಿಯ, ಸಿ ಶ್ರುತಿಯ ಹೊಸ ಹಾರ್ಮೋನಿಕಾ (ಮೌತ್ ಆರ್ಗನ್) ತರಿಸಿದೆ. ಕೆಳಸ್ಥಾಯಿಯಲ್ಲಿ ಮ, ದ ಸಿಗುತ್ತಿಲ್ಲ. ಎರಡನೆಯ ಕಿಂಡಿಯಲ್ಲಿ ಸೆಳೆದರೆ ಸ್ವರ ಇಳಿದಂತೆ ಕೇಳುತ್ತದೆ. ವಾಪಸು ಕಳಿಸಲೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆತುರಪಡಬೇಡಿ. ರಿಕ್ಟರ್ ಎಂಬ ಈ ಸ್ವರವಿನ್ಯಾಸದಲ್ಲಿ ಕೆಳಗಿನ ಮ ಮತ್ತು ದ ಮೊದಲಿನಿಂದಲೂ ಇಲ್ಲ. ಮೂರು ಸ್ವರಗಳನ್ನು ಒಟ್ಟಿಗೆ ಊದಿ ಪಕ್ಕವಾದ್ಯದಂತೆ ಬಳಸುವ ಪಾಶ್ಚಾತ್ಯ ರೂಢಿಗಾಗಿ ಅವನ್ನು ಬಿಟ್ಟಿದ್ದಾರೆ. ಪೂರ್ತಿ ಸಪ್ತಸ್ವರಗಳು ನಾಲ್ಕರಿಂದ ಏಳನೆಯ ಕಿಂಡಿಯೊಳಗಿವೆ. ಊದು, ಸೆಳೆ ಎಂದು ಆರನೆಯ ಕಿಂಡಿಯವರೆಗೆ ಹೋದ ಕ್ರಮ ಏಳರಲ್ಲಿ ತಿರುವುಮುರುವಾಗಿ, ಸೆಳೆದರೆ ನಿಷಾದ, ಊದಿದರೆ ಷಡ್ಜ ಬರುವುದನ್ನು ಗಮನಿಸಿ. ಹೊಸಬರೆಲ್ಲರೂ ಎಡವುವ ಜಾಗ ಅದು. ಎರಡನೆಯ ಕಿಂಡಿಯ ದೂರಿಗೆ ಪರೀಕ್ಷೆ ಸುಲಭ. ಎರಡನ್ನು ಸೆಳೆದಾಗಲೂ ಮೂರನ್ನು ಊದಿದಾಗಲೂ ಬರಬೇಕಾದದ್ದು ಒಂದೇ ಪಂಚಮ. ಮೂರು ಸರಿಯಾಗಿದ್ದು ಎರಡು ಮಾತ್ರ ಇಳಿದಿದ್ದರೆ, ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ನಮ್ಮ ನಾಲಿಗೆ, ದವಡೆಗಳದ್ದು: ಬಿಗಿಹಿಡಿದು ಸೆಳೆದಾಗ ಸ್ವರ ತಾನಾಗಿ ಬಾಗುತ್ತದೆ. ಆಕಳಿಸುವವರಂತೆ ಗಂಟಲು ಸಡಿಲಿಸಿ ನಿಧಾನವಾಗಿ ಸೆಳೆದು ನೋಡಿ. ಅದೇ ಬಾಗುವಿಕೆಯನ್ನು ಮುಂದೆ ಬೇಕೆಂದೇ ಸಾಧಿಸಿದರೆ ಎರಡನೆಯ ಕಿಂಡಿಯಿಂದ ಮಧ್ಯಮವೂ, ಮೂರನೆಯದರಿಂದ ಧೈವತವೂ ಹೊರಡುತ್ತವೆ.

ಪ್ರಶ್ನೆ: ಮೌತ್ ಆರ್ಗನ್ ಅನ್ನು ನೀರಿನಲ್ಲಿ ತೊಳೆಯಬಹುದೇ?
– ಓದುಗರು, ಹಾಸನ

ಉತ್ತರ: ಕೋಂಬ್ ಪ್ಲಾಸ್ಟಿಕ್ಕಿನದಾದ, ಕವಾಟಗಳಿಲ್ಲದ ಹತ್ತು ಕಿಂಡಿಯ ವಾದ್ಯವಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಜಾಲಾಡಿಸಿ, ಅಂಗೈಗೆ ಬಡಿದು, ಕಿಂಡಿಗಳನ್ನು ಕೆಳಮುಖ ಮಾಡಿ ಒಣಗಿಸಬಹುದು. ಕ್ರೋಮ್ಯಾಟಿಕ್ ಅನ್ನು ಮುಳುಗಿಸಲೇಬಾರದು. ರೀಡುಗಳ ಮೇಲಿನ ತೆಳು ಕವಾಟಗಳು ಅಂಟಿಕೊಂಡು ಸ್ವರ ಗೊರಗೊರ ಎನ್ನತೊಡಗುತ್ತದೆ. ಮರದ ಕೋಂಬ್ ಇರುವುದನ್ನಂತೂ ನೀರಿನ ಹತ್ತಿರ ಒಯ್ಯಬೇಡಿ. ಹುಡುಗುಬುದ್ಧಿಯಲ್ಲಿ ನನ್ನದೊಂದನ್ನು ನಲ್ಲಿಗೆ ಹಿಡಿದಿದ್ದೆ. ಮಾರನೆಯ ದಿನಕ್ಕೆ ಕಿಂಡಿಗಳ ನಡುವಿನ ಮರದ ಹಲ್ಲುಗಳು ಉಬ್ಬಿ ಹೊರಗೆ ಚಾಚಿಕೊಂಡು, ನುಡಿಸಲು ಹೋದಾಗ ಕೆಳತುಟಿ ಕೊಯ್ದುಕೊಂಡಿತು.